ಅರ್ತಿಂಗ್

ಹೊಸದುರ್ಗದವ ಮಾರುವಾಗ ಹೇಳಿದ್ದು:
ಎಪ್ಪತ್ತೆರಡರ ಲ್ಯಾಂಬ್ರೆಟ್ಟಾ, ಹೊಸತರ ಹಾಗೆಯೇ ಉಂಟು.
ಬಣ್ಣ ಹೊಸತು ಹೌದು.
ನಟ್ಟಿಗೂ ಹಳದಿ, ರಬ್ಬರಿಗೂ ಹಳದಿ.

ಕುಂಬಳೆ ಗೇಟಿನ ಬಳಿ ಅಂದುಂಞಿ
ಪ್ಲಗ್ ಬಿಚ್ಚಿ ಮೂಸಿದ. ಪೆಟ್ರೋಲುಂಟು.
ಪಾಯಿಂಟಿನ ಸಂದಿಗೆ ಸಿಗರೇಟು ಪ್ಯಾಕಿನ ಕಾಗದ ತೂರಿಸಿ ತಿಕ್ಕಿದ.
ಕಂಡೆನ್ಸರ್ ಬದಲಿಸಿದ.
ನಾನು ಒದ್ದದ್ದೇ ಒದ್ದದ್ದು.
ಮಂಗಳೂರು ಲೋಕಲ್ ದಾಟಿತು, ಗೇಟು ತೆರೆಯಿತು,
ಹೊರಟವರೆಲ್ಲ ಹೊರಟರು.

"ಕಿಡಿಗೆ ಬರಲಿಕ್ಕೆ ದಾರಿಯುಂಟು ಟೀಚರೇ,
ತಿರುಗಿ ಹೋಗಲಿಕ್ಕಿಲ್ಲ."
ಕಾಯಿಲ್ ಕಳಚಿ, ಅದು ಕೂತ ಜಾಗವನ್ನು
ಬ್ಲೇಡಿನಲ್ಲಿ ಕೆರೆದ.
ಹಳದಿಯಡಿ ನೀಲಿ, ನೀಲಿಯಡಿ ಪುಟ್ಟಿ,
ಪುಟ್ಟಿಯಡಿ ಯಾರೋ ಮೆಚ್ಚಿದ್ದ ಹಸಿರು,
ಕಡೆಗೆ ನಾಲ್ಕಾಣೆಯಗಲ
ಬರಿ ಕಬ್ಬಿಣ.

ಎರಡನೇ ಒದೆತಕ್ಕೆ ಕೆಮ್ಮಿ, ಹಿಡಿಯಿತು.

"ಅಷ್ಟಕ್ಕೆ ಇನ್ನು ಬಣ್ಣ ಕೊಡಬೇಡಿ."
ತುಕ್ಕು ಹಿಡಿಯದೇ?
"ಹಿಡಿಯಲಿ. ಆಗ ಬನ್ನಿ."