ಲಗತ್ತು ೩: ಪ್ರಕಟಣೆಗಳ ಪಟ್ಟಿ

ಮೇಡಂ ನಿವೃತ್ತಿಗೆ ಇನ್ನು ಹನ್ನೊಂದು ದಿನ.
ಸಾಲಗಾಮೆ ರಸ್ತೆಯ ಎರಡನೇ ಮಹಡಿಯಲ್ಲಿ ಕೂತು
ಪಟ್ಟಿ ಟೈಪು ಮಾಡುತ್ತಿದ್ದೇನೆ,
ಕೆಳಗಿನ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ಸೀದ ವಾಸನೆ.
ಇತ್ತೀಚಿನದು ಮೊದಲು ಬರಬೇಕಂತೆ, ಹಳೆಯದು ಕೊನೆಗೆ.
ವಯಸ್ಸಾದವರ ನೆನಪು ಇದಕ್ಕೆ ತಿರುವುಮುರುವು ಅಂದೆ.
ಮೇಡಂ ನಗಲಿಲ್ಲ. ಬಿಟ್ಟುಹೋದ ಅಲ್ಪವಿರಾಮ ತೋರಿಸಿದರು.

ಮೂವತ್ತೆಂಟು ಪ್ರಬಂಧ.
ಪ್ರತಿ ಸಾಲಲ್ಲೂ ವಾರಿಜಾಕ್ಷಿ ಎಚ್. ಎಸ್. ದಪ್ಪಕ್ಷರದಲ್ಲಿ.
ನನ್ನ ಹೆಸರು ಪಟ್ಟಿಗೆ ಬರುವಂಥದ್ದಲ್ಲ,
ಒಳಗೆ, ಕಡೇ ಪುಟದ ಕೃತಜ್ಞತೆಯಲ್ಲಿದೆ.
ಪುಟ್ಟಸ್ವಾಮಾಚಾರಿ ಅನ್ನುವುದು ಒಮ್ಮೆ
ಪುಟ್ಟಸಮಾಚಾರಿ ಅಂತ ಅಚ್ಚಾಗಿತ್ತು.
ಇರಲಿ. ಸಮಾಚಾರ ಪುಟ್ಟದೇ:

ಹದಿನಾರು ವರ್ಷ, ಟಿವಿಎಸ್ ಗಾಡಿ,
ದುದ್ದ, ಕಟ್ಟಾಯ, ಶಾಂತಿಗ್ರಾಮ, ಮೊಸಳೆ,
ಜಗಲಿಯಿಂದ ಜಗಲಿಗೆ ಐದು ಪದ:
ಕನ್ನಡಿ, ಗೋಣಿ, ಮಜ್ಜಿಗೆ, ಏಣಿ, ಬೆರಳು.
ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೇಳಬೇಕು.
ಮಜ್ಜಿಗೆ ಅಂದದ್ದೇ ಎದ್ದು ಒಳಗೆ ಹೋಗಿ
ಲೋಟದಲ್ಲಿ ತಂದಿಟ್ಟವರುಂಟು.
ಅದು ನೆನಪೋ ಉಪಚಾರವೋ,
ನಮೂನೆಯಲ್ಲಿ ಕಾಲಂ ಇರಲಿಲ್ಲ.
ಕುಡಿದೆ.

ಪ್ರಬಂಧ ಹನ್ನೊಂದು: ವೃದ್ಧರಲ್ಲಿ ಆಕೃತಿ ರಚನಾ ಸಾಮರ್ಥ್ಯದ ಕುಸಿತ.
ಅರವತ್ತೆರಡು ಕಡೆ ಉಲ್ಲೇಖ.
ಅದರಲ್ಲೊಬ್ಬರು ಆಲೂಗಡ್ಡೆ ಮಂಡಿಯ ಹಮಾಲಿ.
ಗಡಿಯಾರ ಬರೆಯಿರಿ ಅಂದೆ.
ಪೆನ್ಸಿಲನ್ನು ದಬ್ಬಣ ಹಿಡಿದಂತೆ ಹಿಡಿದು ಬರೆದರು;
ಅದೂ ಆಲೂಗಡ್ಡೆಯೇ ಆಯಿತು.
ಮೂರಕ್ಕೆ ಸೊನ್ನೆ.
ಆಮೇಲೆ ಹೊಸಿಲ ಮೇಲಿನ ಬಿಸಿಲು ನೋಡಿ
‘ಮೂರೂವರೆ ಆಯ್ತು ಕಣಪ್ಪ, ಲಾರಿ ಬರೋ ಹೊತ್ತು’ ಅಂದರು.
ನನ್ನ ವಾಚು ಎರಡು ನಿಮಿಷ ಹಿಂದಿತ್ತು.

ಪ್ರಬಂಧ ಹದಿನಾಲ್ಕು: ಒಂದು ನಿಮಿಷದಲ್ಲಿ
ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ.
ಮೊಸಳೆಯಲ್ಲಿ ಒಬ್ಬರು ‘ಮೊಸಳೆ’ ಅಂದು ಸುಮ್ಮನಾದರು.
ಊರೋ ಪ್ರಾಣಿಯೋ ಎಂದು ಕೇಳುವ ಅಧಿಕಾರ
ಪರೀಕ್ಷೆ ಮಾಡುವವನಿಗಿಲ್ಲ.

ಹಾ-೦೬೩. ಹೆಂಗಸು, ಎಂಬತ್ತರ ಆಸುಪಾಸು, ಶಾಲೆ ಸೊನ್ನೆ.
ನಾನು ಗುಂಡಿ ಒತ್ತಿದ್ದೇ ತಡ
ಹಟ್ಟಿಯ ಬಾಗಿಲು ತೆಗೆದಂತೆ ನುಗ್ಗಿ ಬಂದವು
ಹಸುಗಳು, ಒಂದೊಂದೂ ಹೆಸರು ಹಿಡಿದು,
ಕೆಲವಕ್ಕೆ ಅವುಗಳ ತಾಯಿಯ ಹೆಸರೂ ಸೇರಿ.
ಅರವತ್ತು ಸೆಕೆಂಡಿಗೆ ಹತ್ತೊಂಬತ್ತು.
ಒಂದೇ ಜಾತಿಯಾದರೆ ಒಂದೇ ಅಂಕ, ಅದು ನಿಯಮ.
ಒಂದು ಅಂಕ ಹಾಕಿದೆ.
ಕೋಷ್ಟಕದಲ್ಲಿ ಆಕೆ ‘ತೀವ್ರ ಕೊರತೆ’ಯ ಸಾಲಿಗೆ ಸೇರಿದರು.

ಆ ಹಾಳೆಯನ್ನು ಮೇಡಂ ಮೇಜಿನ ಗಾಜಿನಡಿ ಇಟ್ಟುಕೊಂಡರು.
ಚಹಾ ಲೋಟ ಅದರ ಮೇಲೇ ಇಡುತ್ತಿದ್ದರು, ವರ್ಷಗಟ್ಟಲೆ.
ಆಮೇಲೆ ಬರೆದದ್ದು ಹತ್ತೊಂಬತ್ತನೆಯದು,
ತಮ್ಮ ಹದಿನಾಲ್ಕನೆಯದು ತಪ್ಪು ಅಂತ.
ನಾಲ್ಕು ಸಲ ವಾಪಸು ಬಂತು.
‘ಕ್ಷೇತ್ರ ಸಹಾಯಕನಿಗೆ ತರಬೇತಿ ಸಾಲದು’
ಅಂತ ಒಬ್ಬ ಪರಿಶೀಲಕ ಬರೆದಿದ್ದ.
ಕೊನೆಗೆ ಎಲ್ಲೋ ಅಚ್ಚಾಯಿತು. ಉಲ್ಲೇಖ ಮೂರು.
ಎರಡು ಮೇಡಮ್ಮಿನವೇ.
ಮೂರನೆಯವರು ಮಂಗೋಲಿಯಾದವರು,
ಅಲ್ಲಿ ಕುದುರೆಗಳಂತೆ.

ಇವತ್ತು ಕರಡು ನೋಡುತ್ತಾ ಆ ಸಾಲಿನ ಹತ್ತಿರ
ಬೆರಳಿಟ್ಟು ಕೇಳಿದರು: ನೆನಪಿದೆಯೇನ್ರೀ?
ಹಾ-೦೬೩ರ ಹೆಸರು ಹೇಳುವಂತಿಲ್ಲ,
ಗುಟ್ಟು ಕಾಪಾಡುವೆ ಅಂತ ಸಹಿ ಮಾಡಿದ್ದೇನೆ.
ಹಸುಗಳು ಯಾವುದಕ್ಕೂ ಸಹಿ ಕೇಳಿರಲಿಲ್ಲ.
ಕೆಂದಿ, ಕಬರಿ, ಮುತ್ತಿ, ಮುತ್ತಿಯ ಮಗಳು ಬೆಳ್ಳಿ,
ಗಿಡ್ಡಿ, ಚುಕ್ಕಿ, ಸಂತೆಯಲ್ಲಿ ತಂದ ಗೌಡ್ತಿ,
ಮುರುಕೋಡಿ, ಹಾಲು ಕೊಡದ ರಾಣಿ...

ಹದಿನೇಳು ಬಂದವು.
ಒಂದನ್ನು ಮೇಡಂ ಹೇಳಿಕೊಟ್ಟರು.
ಇನ್ನೊಂದು ಇಬ್ಬರಿಗೂ ಸಿಗಲಿಲ್ಲ,
ಗಾಜಿನಡಿ ಅಷ್ಟು ಜಾಗದಲ್ಲಿ ಚಹಾದ ಉಂಗುರ.
ನಿಯಮದ ಪ್ರಕಾರ ನನಗೂ ಒಂದೇ ಅಂಕ.

ಹದಿನೆಂಟನೆಯದರ ಪುಟಸಂಖ್ಯೆ ಇನ್ನೂ ಸಿಕ್ಕಿಲ್ಲ.