ದೊಡ್ಡ

ನಮ್ಮ ತುಳುವಿನಲ್ಲಿ ಅಜ್ಜಿಗೆ ದೊಡ್ಡ ಎನ್ನುತ್ತೇವೆ.
ನನ್ನ ದೊಡ್ಡ, ಬಾಗಿಲ ಚಿಲಕ ಎಟುಕಲು
ತುದಿಗಾಲಲ್ಲಿ ನಿಲ್ಲಬೇಕಿತ್ತು.

ಹಂಪನಕಟ್ಟೆಯ ಸರಕಾರಿ ದೊಡ್ಡಾಸ್ಪತ್ರೆ
ದೊಡ್ಡನದೇ ಆಸ್ಪತ್ರೆ ಎಂದುಕೊಂಡಿದ್ದೆ
ಒಂದನೇ ಕ್ಲಾಸಿನವರೆಗೆ.
ಯಾರೂ ತಿದ್ದಲಿಲ್ಲ. ಅಲ್ಲದಿದ್ದರೆ
ದಿನಾ ಸಂಜೆ ಅಲ್ಲಿ ಅವಳಿಗೇನು ಕೆಲಸ?

ನಸುಕಿಗೇ ದಕ್ಕೆಯಲ್ಲಿ ಬೂತಾಯಿ ಏಲಂ ಹಿಡಿದು
ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ
ಬೆಂಗ್ರೆಗೆ ಮರಳಿ, ಹುಣಸೆಹುಳಿಯಲ್ಲಿ
ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದು,
ನೀಲಿ ಫ್ಲಾಸ್ಕಿಗೆ ಕುಚ್ಚಲಕ್ಕಿಯ ಗಂಜಿತಿಳಿ ತುಂಬಿ
ಐದರ ದೋಣಿಗೆ ಹೊರಡುತ್ತಿದ್ದಳು.
ಮೀನಿನ ವಾಸನೆ ಮಾತ್ರ ಹೋಗುತ್ತಿರಲಿಲ್ಲ.
ಪ್ರಜ್ಞೆ ತಪ್ಪಿದವರೂ ಮೂಗರಳಿಸುತ್ತಾರೆ ಎಂದು
ಸಿಸ್ಟರ್ ಫ್ಲೋಸಿ ನಗುತ್ತಿದ್ದರಂತೆ.

ಯಾರೂ ಇಲ್ಲದವರ ಪಕ್ಕ ಕೂರುವುದು.
ಅಷ್ಟೇ ಕೆಲಸ.
ಸಂಬಳವಿಲ್ಲ, ಸಂಘವಿಲ್ಲ, ಕೊರಳಲ್ಲಿ ಕಾರ್ಡಿಲ್ಲ.
ಒಂದು ಕಬ್ಬಿಣದ ಸ್ಟೂಲು.

ಮೂರನೇ ಮಾಳಿಗೆಯ ಸಾರಣೆಯಿಂದ ಬಿದ್ದ
ಬಾಗಲಕೋಟೆಯ ಹುಡುಗ ಅವಳನ್ನು ಎವ್ವಾ ಎನ್ನುತ್ತಿದ್ದ.
ಅವನ ಕನ್ನಡ ಇವಳಿಗೆ ಹತ್ತುತ್ತಿರಲಿಲ್ಲ
ಇವಳ ತುಳು ಅವನಿಗೆ ತಿಳಿಯುತ್ತಿರಲಿಲ್ಲ.
ನಡುವೆ ಚಮಚ.
ಬದುಕಿದ. ಕುಂಟುತ್ತಾ ಊರಿಗೆ ಹೋದವನು
ಮತ್ತೆ ಮುಖ ತೋರಿಸಲಿಲ್ಲ.
'ಬಂದರೆ, ಇನ್ನೆಲ್ಲಿಂದಲೋ ಬಿದ್ದ ಎಂದರ್ಥ.
ಬಾರದಿರಲಿ' ಎಂದಳು.

ಇನ್ನೊಬ್ಬ ಮುದುಕ ಅವಳನ್ನು ತಂಗಿ ಎಂದೇ ನಂಬಿ
ತೆಂಗಿನ ಜಾಗದ ಪಾಲಿಗಾಗಿ ಮೂರು ವಾರ ಜಗಳವಾಡಿದ.
'ಆಯಿತು ಅಣ್ಣ, ನೀನೇ ಇಟ್ಟುಕೋ.'
ಕಣ್ಣಲ್ಲೂ ಕಾಣದ ಹತ್ತು ಸೆಂಟ್ಸು ಬಿಟ್ಟುಕೊಟ್ಟ ರಾತ್ರಿ
ಆತನಿಗೆ ನಿದ್ದೆ ಬಂತು.

ಚಿಕ್ಕಮ್ಮ ಹೇಳುವುದು ಹೀಗೆ:
ಅದೇ ಆಸ್ಪತ್ರೆಯಲ್ಲಿ ಅಜ್ಜ ತೀರಿಕೊಂಡ ರಾತ್ರಿ
ಕೊನೆಯ ದೋಣಿ ತಪ್ಪಿ ಇವಳು
ಬೆಂಗ್ರೆಯ ಮರಳಲ್ಲಿ ಕೂತು
ಬಂದರಿನ ದೀಪ ನೋಡುತ್ತಿದ್ದಳು.
ಇರಬಹುದು.
ಎಲ್ಲದಕ್ಕೂ ಕಾರಣ ಯಾಕೆ ಬೇಕು?
ಕೆಲವರಿಗೆ ಕೂರಲು ಗೊತ್ತಿರುತ್ತದೆ.

ನನಗೂ ಒಂದು ಸಿಟ್ಟಿದೆ, ಹೇಳಿಬಿಡುತ್ತೇನೆ.
ಐದನೇ ಕ್ಲಾಸಿನಲ್ಲಿ ಮಂಗನಬಾವು ಬಂದು
ಕೆನ್ನೆ ಊದಿ ಮಲಗಿದ್ದಾಗ ಸೆರಗು ಹಿಡಿದೆ.
ಬೆರಳು ಒಂದೊಂದೇ ಬಿಡಿಸಿದಳು.
'ನಿನಗೆ ಅಮ್ಮ ಇದ್ದಾಳಲ್ಲ.'
ನ್ಯಾಯವೇ. ಆದರೂ ಆ ಬೆರಳುಗಳಿಗೆ
ಇನ್ನೂ ಸಮಾಧಾನವಾಗಿಲ್ಲ.
ಮನೆಯ ಗಂಜಿಗೂ ಉಪ್ಪು ಕಡಿಮೆ,
ಕಾಯಿಲೆಯವರ ಅಳತೆಯೇ ಕೈಗೆ ಕೂತುಬಿಟ್ಟಿತ್ತು.
ಅಪ್ಪ ಗೊಣಗುತ್ತಾ ಒಣಮೀನು ಕಚ್ಚಿಕೊಳ್ಳುತ್ತಿದ್ದ.

ಕೊನೆಗೆ ಅವಳೇ ದಾಖಲಾದಳು.
ಗುಲಾಬಿ ಪುತ್ರನ್. ವಯಸ್ಸು ಅಂದಾಜು ಎಪ್ಪತ್ತೆಂಟು.
ಮಂಚ ಒಂಬತ್ತು.
ಜೊತೆಗಿರುವವರು ಎಂಬಲ್ಲಿ ನನ್ನ ಹೆಸರನ್ನು
ಎರಡು ಸಲ ತಪ್ಪು ಬರೆದೆ.
ಎರಡನೇ ರಾತ್ರಿ ತೂಕಡಿಸಿ ಎದ್ದರೆ ಮಂಚ ಖಾಲಿ.
ಹನ್ನೊಂದರ ಪಕ್ಕ, ಸಲೈನಿನ ಕೋಲು ಊರಿಕೊಂಡು
ಸ್ಟೂಲಿನ ಮೇಲಿದ್ದಳು.
'ಪಾಪ, ನೀರು ಕೇಳಿದರು. ನೀನು ಮಲಗಿದ್ದೆ.'
ಬೈದೆ. ಇಡೀ ವಾರ್ಡಿಗೆ ಕೇಳುವಂತೆ ಬೈದೆ.
ನಾಲ್ಕನೇ ದಿನ ಹೋದಳು. ನಾನು ಪಕ್ಕದಲ್ಲೇ ಇದ್ದೆ.
ಇದ್ದೆನಲ್ಲ, ಎಂದು
ಈಗಲೂ ಲೆಕ್ಕ ಹಾಕುತ್ತೇನೆ.

ಹೋದ ಆಟಿ ತಿಂಗಳಲ್ಲಿ ಒಮ್ಮೆ
ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕ ಮುಚ್ಚಿ
ನೀಲಿ ಫ್ಲಾಸ್ಕು ಹಿಡಿದು ಗೇಟಿನವರೆಗೆ ಹೋದೆ.
'ಯಾರನ್ನು ನೋಡಬೇಕು?' ಎಂದ ವಾಚ್‌ಮನ್.
ಒಂದು ಹೆಸರು ಬೇಕಿತ್ತು. ನನ್ನಲ್ಲಿರಲಿಲ್ಲ.
ಮೂವತ್ತು ವರ್ಷ ಅವಳು ಇದಕ್ಕೇನು ಹೇಳುತ್ತಿದ್ದಳೋ
ಕೇಳಿಟ್ಟುಕೊಳ್ಳಲಿಲ್ಲ.

ಮರಳಿದೆ. ದೋಣಿಯಲ್ಲಿ, ನದಿಯ ನಡುವೆ,
ಮುಚ್ಚಳಕ್ಕೆ ಬಗ್ಗಿಸಿ ನಾನೇ ಕುಡಿದೆ.
ಉಪ್ಪು ಕಡಿಮೆ.