ಹಸಿ ಸುಣ್ಣ

ಮೀಟರುದ್ದದ ನರತಂತು, ಕೂದಲಿಗಿಂತ ಎಷ್ಟೋ ಸಣ್ಣ.
ಒಂದು ತುದಿ ಬೆನ್ನಹುರಿಯ ಬದಿಯ ಗಂಟಿನಲ್ಲಿ,
ಇನ್ನೊಂದು ಕಾಲಿನ ಹೆಬ್ಬೆರಳಲ್ಲಿ.
ಬೋರ್ಡಿನ ಮೇಲೆ ಗೆರೆ ಎಳೆದೆ. ಸೀಮೆಸುಣ್ಣ ನಡುವೆಯೇ ಮುರಿಯಿತು.

"ಅಷ್ಟು ದೂರ ಊಟ ಯಾರು ಒಯ್ಯತಾರ್ರೀ ಮೇಡಂ?"
ಹಿಂದಿನ ಬೆಂಚು. ಎಲ್ಲರೂ ನಕ್ಕರು.

ಊಟವಲ್ಲ, ಅಂದೆ.
ಒಲೆಯೇ ಹೊರಟುಹೋಗುತ್ತದೆ.

ಅಂದದ್ದೇ ತಡ ಕಣ್ಣಿಗೆ ಕಟ್ಟಿದಳು ದಾವಲಬಿ.
ವಿಜಯಪುರದ ಶಹಾಪುರ ಅಗಸಿಯಾಚೆ
ಹಳೆಯ ಗೋರಿಯೊಂದಕ್ಕೆ ಗಾರೆ ಹಚ್ಚುತ್ತಿದ್ದಾರೆ, ಎರಡು ವರ್ಷದಿಂದ.
ಗೋಡೆಯುದ್ದಕ್ಕೂ ಅವಳ ತಳ್ಳುಗಾಡಿ,
ಭುಸುಗುಡುವ ಪಂಪು ಒಲೆ, ಮಸಿ ಹಿಡಿದ ಕೆಟ್ಲಿ.
ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ ಅವಳಿಗೆ.
ಹಸಿ ಸುಣ್ಣದ ವಾಸನೆ ಬಂದಲ್ಲಿ
ಗಾಲಿಗೆ ಕಲ್ಲು ಕೊಡುತ್ತಾಳೆ.
ಸುಣ್ಣ ಹಸಿಯಿದ್ದಲ್ಲಿ ಕೈ ಆಡುತ್ತಿರುತ್ತವೆ,
ಕೈ ಆಡಿದಲ್ಲಿ ಹಸಿವು.

ನರದೊಳಗೂ ಅಷ್ಟೇ.
ಸಂಧಿಯೊಂದು ಮಾತಿಗೆ ಬಾಯಿ ತೆರೆದಾಗ
ಒಳನುಗ್ಗುವ ಕ್ಯಾಲ್ಸಿಯಂ
(ಎಲೆಗೆ ಸವರುವ ಸುಣ್ಣದಲ್ಲಿರುವುದೂ ಅದೇ)
ಹಾದು ಹೊರಟಿದ್ದ ಮೈಟೊಕಾಂಡ್ರಿಯದ ಕಾಲು ಹಿಡಿಯುತ್ತದೆ.
ನಿಲ್ಲುತ್ತದೆ ಅದು. ಅಲ್ಲೇ ಉರಿಯುತ್ತದೆ.
ಉಗ್ರಾಣವೆಂಬುದಿಲ್ಲ ಅಲ್ಲಿ,
ಮಾತು ಮುಗಿಯುವುದರೊಳಗೆ ಬೇಯಿಸಿ ಬಡಿಸಬೇಕು,
ಮತ್ತೆ ಮಾತು, ಮತ್ತೆ ಹಸಿವು.

ಗೈಬೂಸಾಬನ ಸುದ್ದಿ ಕ್ಲಾಸಿನಲ್ಲಿ ಹೇಳಲಿಲ್ಲ.

ನಲವತ್ತು ವರ್ಷ ಗಾರೆ ಕಲಸಿದವನು,
ಬೆಲ್ಲದ ನೀರು ಎಷ್ಟು, ಮರಳು ಎಷ್ಟು
ಬೆರಳಿಂದಲೇ ತಿಳಿಯುತ್ತಿದ್ದವನು.
ಆ ದಿನ ಸುಣ್ಣ ಅರಳುವ ಗುಂಡಿಯ ಅಂಚಿಗೆ
ಚಪ್ಪಲಿ ಕಳಚಿಬಿದ್ದದ್ದೂ ಅರಿವಿಲ್ಲದೆ ನಿಂತಿದ್ದ.
ಚರ್ಮ ಬೆಂದ ವಾಸನೆ
ಮೊದಲು ತಾಗಿದ್ದು ದಾವಲಬಿಯ ಮೂಗಿಗೆ.
ಹೊತ್ತು ತಂದದ್ದು ಅದೇ ತಳ್ಳುಗಾಡಿ.

"ಸಕ್ಕರಿ ಬ್ಯಾನಿ," ದವಾಖಾನೆಯವರು ಅಂದರು.
ರಕ್ತದ ತುಂಬ ಸಕ್ಕರೆ, ಕಾಲ ತುದಿಯಲ್ಲಿ ಉಪವಾಸ.
ಎಲ್ಲಕ್ಕಿಂತ ಉದ್ದದ ತಂತು ಎಲ್ಲಕ್ಕಿಂತ ಮೊದಲು ಸೋಲುತ್ತದೆ,
ಕೊನೇ ಓಣಿಯ ನಳ
ಯಾರಿಗೂ ಹೇಳದೆ ಒಣಗಿದ ಹಾಗೆ.

ತಿಂಗಳ ಮೇಲೆ ಬಂದ, ಪಾದಕ್ಕೆ ಬಿಳಿ ಪಟ್ಟಿ.
ಕಲ್ಲ ಮೇಲೆ ಕೂತ.
"ಸಕ್ಕರಿ ಹಾಕಬ್ಯಾಡ ಬೇ."
"ಹಾಕಿಲ್ಲೋ ಮಾರಾಯಾ, ಹಿಡಿ."

ಗ್ಲಾಸು ಹಿಡಿದ. ಬಹಳ ಹೊತ್ತು ಕುಡಿಯಲಿಲ್ಲ.
ಬಿಸಿ ತಾಗುತ್ತದೋ ಇಲ್ಲವೋ,
ಒಂದೊಂದೇ ಬೆರಳನ್ನು ಕೇಳುತ್ತಿದ್ದ.